ಕಾಲು ಸುತ್ತು ಹಿಂದಕ್ಕೆ

ಫೆಬ್ರವರಿ 4, ಮಂಗಳವಾರ, ಸಂಜೆ

ಇವತ್ತೂ ಮಾಸ್ಕ್‌ಗೆ ನೀರು ತುಂಬಿಸಿದರು. ಇವತ್ತೂ ಫೇಲ್. ಮೂಗಿನಿಂದ ಉಸಿರು ಬಿಟ್ಟು ನೀರನ್ನು ಹೊರಗೆ ತಳ್ಳಬೇಕು, ಅಷ್ಟೇ. ಈಜುಕೊಳದ ತಳದಲ್ಲಿ ಮಂಡಿಯೂರಿ ಕೂತವಳಿಗೆ ಅದು ಅಷ್ಟೇ ಅಲ್ಲ. ಬಿಡುವ ಬದಲು ಎಳೆದೆ. ಅರ್ಧ ಕೊಳ ಮೂಗಿನೊಳಗೆ ಹೋಯಿತು. ಮೇಲೆ ಬಂದು ಕೆಮ್ಮಿದ್ದೇ ಕೆಮ್ಮಿದ್ದು...

ಮೇಷ್ಟ್ರು — ನಮಗೆ ಡೈವಿಂಗ್ ಕಲಿಸುವವರು, ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ — "ಮೂಗು ಇದೆ ಅನ್ನೋದನ್ನೇ ಮರೀರಿ ಮೇಡಂ, ಕೆಳಗೆ ಬಾಯೇ ಎಲ್ಲ" ಅಂದರು. ನಾನು ಬೆಳಿಗ್ಗೆಯಿಂದ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಮಲಗಿದವರಿಗೆಲ್ಲ ಹೇಳುವುದು ಇದರ ಉಲ್ಟಾ. ಮೂಗಲ್ಲಿ ಉಸಿರಾಡಿ, ಮೂಗಲ್ಲಿ. ಹಲ್ಲಿನ ಡಾಕ್ಟರ ಪಕ್ಕ ನಿಂತು ಎಂಜಲು ಹೀರುವ ಪೈಪು ಹಿಡಿಯುವುದು ನನ್ನ ಕೆಲಸ.

ಅಮ್ಮನಿಗೆ ಬೆನ್ನುನೋವಿಗೆ ಈಜು ಅಂತ ಹೇಳಿದ್ದೇನೆ. ನಿಜ ಹೇಳಿದರೆ ಬಾಗಿಲಿಗೆ ಅಡ್ಡ ಮಲಗುತ್ತಾಳೆ. ದೊಡ್ಡ ಮಗಳು ಸಮುದ್ರಕ್ಕೆ ಹೋಗಿ ಹೆಣವಾಗಿ ಬಂದಿದ್ದಾಳೆ, ಚಿಕ್ಕವಳು ಅಲ್ಲಿಗೇ ಹೊರಟಿದ್ದಾಳೆ ಅಂದರೆ ಯಾವ ತಾಯಿ ಸುಮ್ಮನಿರುತ್ತಾಳೆ.

ಅಕ್ಕ ಹೋಗಿ ವರ್ಷ ದಾಟಿತು. ಭಾವನ ಜೊತೆ ಡೈವ್‌ಗೆ ಹೋಗಿದ್ದಳು. ಹದಿನೆಂಟು ಮೀಟರ್ ಕೆಳಗೆ, ಇಬ್ಬರೇ. ನೀರೊಳಗೆ ಇಬ್ಬಿಬ್ಬರು ಜೋಡಿ, ಒಬ್ಬರಿಗೆ ಇನ್ನೊಬ್ಬರು ಜವಾಬ್ದಾರಿ — ಅದು ಇವರ ಪದ್ಧತಿ. ಸಿಲಿಂಡರ್ ತುಂಬ ಗಾಳಿ ಇತ್ತು. ಸಾಮಾನೆಲ್ಲ ಸರಿ ಇತ್ತು. ಹೆದರಿ, ಬಾಯಲ್ಲಿದ್ದ ಉಸಿರಾಟದ ತುಂಡನ್ನು ಕಿತ್ತು ಹಾಕಿ, ಮೇಲಕ್ಕೆ ನುಗ್ಗಿದಳು ಅಂತ ಭಾವ ಹೇಳಿದ. ವಿಚಾರಣೆಗೆ ಬಂದವರೂ ಅದನ್ನೇ ಒಪ್ಪಿ ಹೋದರು. ಗಾಬರಿಯಿಂದ ಸಾವು.

ಅಕ್ಕ ಗಾಬರಿಯಾಗುವವಳೇ? ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿದಾಗ ಒದ್ದೆ ಟವೆಲ್ ಎಸೆದು ಆರಿಸಿ, ಅದೇ ಕೈಯಲ್ಲಿ ಟೀ ಸೋಸಿದವಳು. ನಾನು ನಂಬುವುದಿಲ್ಲ. ಇವನು ಅವಳನ್ನು ಬಿಟ್ಟು ಓಡಿಬಂದಿದ್ದಾನೆ. ಎದುರಿಗಿದ್ದಾಗ ನೀವು, ಇಲ್ಲಿ ಇವನು. ನನ್ನ ದಿನಚರಿ, ನನ್ನಿಷ್ಟ. ಆದರೆ ನೀರೊಳಗೆ ಏನೇನು ಆಗುತ್ತದೆ ಅಂತ ತಿಳಿಯದೆ ಅವನ ಮುಖಕ್ಕೆ ಏನು ಹೇಳಲಿ? ಅದಕ್ಕೇ ಕಲಿಯುತ್ತಿದ್ದೇನೆ. ಮೀನು ನೋಡುವ ಆಸೆ ನನಗೆ ಚೂರೂ ಇಲ್ಲ.

ಫೆಬ್ರವರಿ 6

ಮಾಸ್ಕ್ ಖಾಲಿ ಮಾಡಿದೆ! ಎರಡು ಸಲ. ಮೇಷ್ಟ್ರು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರು. ಸರಿ ಅಂತ ಅರ್ಥ. ಕಿವಿಯಲ್ಲಿ ಇನ್ನೂ ನೀರು ಗುಳುಗುಳು.

ಫೆಬ್ರವರಿ 9, ಭಾನುವಾರ

ಪಾಠ. ನಾನು, ಮತ್ತು ಹೊಸದಾಗಿ ಮದುವೆಯಾದ ಒಂದು ಜೋಡಿ. ಅವರು ಒಂದೇ ಬಾಟಲಿಯಲ್ಲಿ ನೀರು ಕುಡಿಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸನ್ನೆಗಳು. ಅಂಗೈ ಚಪ್ಪಟೆ ಮಾಡಿ ಕತ್ತಿನ ಅಡ್ಡಕ್ಕೆ ಎಳೆದರೆ ಗಾಳಿ ಬರುತ್ತಿಲ್ಲ ಅಂತ. ಪ್ರತಿಯೊಬ್ಬರ ಎದೆ ಹತ್ತಿರ ಹಳದಿ ಬಣ್ಣದ ಇನ್ನೊಂದು ಬಾಯಿತುಂಡು ತೂಗುತ್ತಿರುತ್ತದೆ, ಅದು ಜೊತೆಯವರಿಗೆ ಕೊಡಲಿಕ್ಕೇ. ಅದರ ಪಕ್ಕದಲ್ಲೇ ಗೇಜ್, ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ಮುಳ್ಳು ತೋರಿಸುತ್ತದೆ.

"ಈ ಸನ್ನೆ ಕಂಡ್ರೆ ಯೋಚ್ನೆ ಮಾಡ್ಬೇಡಿ" ಅಂದರು ಮೇಷ್ಟ್ರು. "ಅವರ ಗೇಜ್ ನೋಡೋಕೆ ಹೋಗ್ಬೇಡಿ. ಗಾಳಿ ಇದೆಯಾ ಇಲ್ವಾ ಆಮೇಲಿನ ಮಾತು. ಮೊದ್ಲು ನಿಮ್ಮ ಹಳದಿ ಕೊಡಿ."

"ಸುಮ್ಸುಮ್ನೆ ಹೆದರಿ ಕೇಳಿದ್ರೂ?" ಹೊಸ ಗಂಡನ ಪ್ರಶ್ನೆ.

"ಸುಮ್ಸುಮ್ನೆ ಕೇಳಿದ್ರೂ."

ಕೈಯಲ್ಲಿದ್ದ ಪೆನ್ನು ಬಿತ್ತು. ಭಾವ ತಾನೇ ಬಾಯಿಬಿಟ್ಟು ಹೇಳಿದ್ದಾನೆ — ಅಕ್ಕ ಕತ್ತಿನ ಸನ್ನೆ ಮಾಡಿದಳು, ನಾನು ಅವಳ ಗೇಜ್ ನೋಡಿದೆ, ಫುಲ್ ಇತ್ತು, ಅವಳ ಕಣ್ಣಿಗೆ ಹಿಡಿದು ತೋರಿಸಿದೆ. ವರ್ಷವಿಡೀ ಈ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ್ದೆ. ತಪ್ಪು ಎಲ್ಲಿದೆ ಅಂತ ಸಿಕ್ಕಿರಲಿಲ್ಲ. ನಮ್ಮ ಡಾಕ್ಟರೂ ಹೀಗೇ. ನೋವಾದರೆ ಎಡಗೈ ಎತ್ತಿ ಅನ್ನುತ್ತಾರೆ. ಎತ್ತಿದರೆ ಎಕ್ಸ್‌ರೇ ನೋಡಿ, ನೋವಾಗೋಕೆ ಸಾಧ್ಯವೇ ಇಲ್ಲ ಅನ್ನುತ್ತಾರೆ.

ಸಿಕ್ಕಿಬಿದ್ದೆ ಭಾವ.

ಫೆಬ್ರವರಿ 11

ಕ್ಲಿನಿಕ್ ಮುಗಿಸಿ ನೇರ ಅವನ ಮನೆಗೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದೆ. ಬಾಗಿಲು ತೆಗೆದದ್ದು ಗುಬ್ಬಿ, ಅಕ್ಕನ ಮಗಳು. ಹನ್ನೆರಡು ತುಂಬಿದೆ, ಬಾಯಿಗೆ ಬ್ರೇಕ್ ಇಲ್ಲ. "ಚಿಕ್ಕಮ್ಮಾ, ಅಪ್ಪ ಮೊಟ್ಟೆ ಸೀಯಿಸಿದಾನೆ. ಮೂಗು ಮುಚ್ಕೊಂಡು ಬಾ!"

ಜೋಡಿಸಿಕೊಂಡ ಮಾತು ಅರ್ಧ ಅಲ್ಲೇ ಉದುರಿತು. ಅವಳು ಹೋಂವರ್ಕಿಗೆ ಕೂತ ಮೇಲೆ ಅಡುಗೆಮನೆಗೆ ಹೋದೆ. ಭಾವ ಕರಿ ಹಿಡಿದ ಬಾಣಲೆ ಉಜ್ಜುತ್ತಿದ್ದ.

"ಆವತ್ತಿಂದು ಇನ್ನೊಂದ್ಸಲ ಹೇಳಿ ಭಾವ."

"ಎಷ್ಟು ಸಲ ಹೇಳ್ಲೇ..." ಅಂದ. ಆದರೂ ಹೇಳಿದ, ಬೆನ್ನು ಮಾಡಿಕೊಂಡೇ. "ಹಾರೋಕೆ ಮುಂಚೆ ಅವಳ ಸಿಲಿಂಡರ್ ವಾಲ್ವ್ ನಾನೇ ನೋಡ್ದೆ. ಯಾವಾಗ್ಲೂ ಕೊನೇಲಿ ನಾನು ಒಂದ್ಸಲ ನೋಡ್ತಿದ್ದೆ. ಆವತ್ತು ಮುಚ್ಚೇ ಇತ್ತು ಕಣೇ! ತೆಗೆಯೋಕೆ ಮರ್ತಿದ್ಲು. ನಾನೇ ತೆಗ್ದೆ. ಅಷ್ಟು ಜೋಪಾನವಾಗಿ ಇಳಿಸ್ದೆ. ಕೆಳಗೆ ಹೋದ್ಮೇಲೆ ಗಾಳಿ ಇಲ್ಲ ಅಂದ್ಲು. ಗೇಜ್ ನೋಡ್ದೆ, ತುಂಬಿತ್ತು. ತೋರಿಸ್ದೆ. ತಲೆ ಅಲ್ಲಾಡಿಸಿದ್ಲು. ನಂದು ಕೊಡೋಷ್ಟರಲ್ಲಿ ಕಿತ್ತು ಹಾಕಿ ಮೇಲೆ ಹೋದ್ಲು. ಕಾಲು ಹಿಡ್ಕೊಂಡೆ, ಒದ್ದುಬಿಟ್ಲು."

"ಮೊದ್ಲು ಕೊಡ್ಬೇಕಿತ್ತು. ಗೇಜ್ ನೋಡ್ಬಾರ್ದಿತ್ತು."

ಉಜ್ಜುವುದು ನಿಂತಿತು. "ಗೊತ್ತು" ಅಂದ.

ಜಗಳಕ್ಕೆ ಸೊಂಟ ಕಟ್ಟಿಕೊಂಡು ಹೋದವಳಿಗೆ ಎದುರಾಳಿಯೇ ಇಲ್ಲ. ನಿನಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಿದ. ಕಲಿಯುತ್ತಿರುವುದನ್ನು ಹೇಳಬೇಕಾಯಿತು. ಬಯ್ಯಲಿಲ್ಲ. ಸಮುದ್ರಕ್ಕೆ ಯಾವಾಗ ಅಂದ. "ನಾನೂ ಬರ್ತೀನಿ. ನೀರಿಗೆ ಇಳಿಯಲ್ಲ, ಅದು ನನ್ನ ಕೈಲಿ ಆಗಲ್ಲ. ಬೋಟಲ್ಲಿರ್ತೀನಿ. ನಿನ್ನೊಬ್ಬಳನ್ನೇ ಕಳ್ಸಲ್ಲ."

ಗುಬ್ಬಿ ಬಾಗಿಲ ಸಂದಿಯಿಂದ, "ನಾನೂ ಕಲೀತೀನಿ! ಅಪ್ಪ ಆಗ್ಲೇ ಹೂಂ ಅಂದಾಯ್ತು!"

ಅವನ ಮುಖ ನೋಡಿದೆ. "ಹೆದ್ರಿಕೆನೇ ಅಲ್ವಾ ಅವಳಮ್ಮನ್ನ ಕೊಂದಿದ್ದು" ಅಂದ, ಗುಬ್ಬಿಗೆ ಕೇಳಿಸದ ಹಾಗೆ. "ಇವಳಿಗೆ ಅದು ಇರ್ಬಾರ್ದು."

ಫೆಬ್ರವರಿ 12

ಇವನ ಜೊತೆ ಗುಬ್ಬಿ ನೀರಿಗೆ ಇಳಿಯಬಾರದು. ಹೇಗಾದರೂ ತಪ್ಪಿಸಬೇಕು.

ಫೆಬ್ರವರಿ 18

ಬರೆಯಲು ನಾಚಿಕೆ.

ಗಾಳಿ ನಿಂತರೆ ಹೇಗಿರುತ್ತದೆ ಅಂತ ತಿಳಿಸಲು ಮೇಷ್ಟ್ರು ಹಿಂದಿನಿಂದ ಬಂದು ಸಿಲಿಂಡರ್ ಮುಚ್ಚುತ್ತಾರೆ. ಮೊದಲೇ ಹೇಳಿಯೇ ಮಾಡುತ್ತಾರೆ. ಎದುರಿಗೆ ಹೊಸ ಹೆಂಡತಿ ಹಳದಿ ಬಾಯಿತುಂಡು ಹಿಡಿದು ತಯಾರಾಗಿ ಕೂತಿದ್ದಾಳೆ. ನಾನು ಸನ್ನೆ ಮಾಡಬೇಕು, ಅವಳದನ್ನು ತೆಗೆದುಕೊಳ್ಳಬೇಕು. ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ... ಆಮೇಲೆ ಏನಾಯಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕೊಳದ ಅಂಚು ಹಿಡಿದು ನೇತಾಡುತ್ತಿದ್ದೆ. ಆ ಹುಡುಗಿಯ ಮುಖಕ್ಕೆ ಒದ್ದಿದ್ದೆನಂತೆ. ತುಟಿ ಊದಿತ್ತು ಪಾಪ. ಅವಳೇ ನನಗೆ ಸಮಾಧಾನ ಮಾಡಿದಳು.

"ಇದೇ ಹದಿನೆಂಟು ಮೀಟರಲ್ಲಿ ಮಾಡಿ, ಉಸಿರು ಬಿಗಿ ಹಿಡಿದು ಮೇಲೆ ಬಂದ್ರೆ ಶ್ವಾಸಕೋಶ ಒಡ್ದುಹೋಗತ್ತೆ" ಅಂದರು ಮೇಷ್ಟ್ರು. ಬಯ್ದ ಹಾಗಿರಲಿಲ್ಲ. ಎರಡನೇ ಸಲ ಸರಿ ಮಾಡಿದೆ.

ಆದರೆ ಗೊತ್ತಾಗಿಹೋಯಿತು. ಇದು ಧೈರ್ಯದ ಪ್ರಶ್ನೆಯೇ ಅಲ್ಲ. ಗಾಳಿ ನಿಂತರೆ ಅಕ್ಕನೂ ಹೀಗೇ ಒದೆಯುತ್ತಿದ್ದಳು. ಗಾಳಿ ನಿಂತರೆ. ಅವಳದು ನಿಂತಿರಲೇ ಇಲ್ಲವಲ್ಲ, ಗೇಜ್ ಫುಲ್ ಇತ್ತಲ್ಲ.

ಫೆಬ್ರವರಿ 27

ಎರಡು ದಿನ ರಜೆ ಕೇಳಿದೆ. ಡಾಕ್ಟರು, "ಸಮುದ್ರದಲ್ಲಿ ಹಲ್ಲು ಕೀಳೋದಿದ್ಯಾ?" ಅಂದು ತಮ್ಮ ಜೋಕಿಗೆ ತಾವೇ ನಕ್ಕರು. ಶನಿವಾರ, ಭಾನುವಾರ. ನಾಲ್ಕು ಡೈವ್ ಆದರೆ ಪಾಸಾದ ಕಾರ್ಡು.

ಮಾರ್ಚ್ 1, ಶನಿವಾರ, ಸಂಜೆ

ಮರೆಯುವ ಮೊದಲು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಬೋಟು ನಿಂತಿತು. ಮೇಷ್ಟ್ರು ಮೊದಲು ಹಾರಿದರು, ಆಮೇಲೆ ಹೊಸ ಜೋಡಿ. ನಾನು ಬೋಟಿನ ಅಂಚಿನಲ್ಲಿ ಕೂತಿದ್ದೆ, ಬೆನ್ನಿಗೆ ಸಿಲಿಂಡರ್. ಅದರ ವಾಲ್ವನ್ನು ನಾನೇ ಪೂರ್ತಿ ತೆಗೆದಿದ್ದೆ. ಮೇಷ್ಟ್ರೂ ನೋಡಿ ಹೂಂ ಅಂದಿದ್ದರು. ಆಗ ಭಾವ ಎದುರಿಗೆ ಬಂದ. ಮುಖ ಬಿಳುಚಿಕೊಂಡಿತ್ತು. "ಇರು, ಒಂದ್ಸಲ ನೋಡ್ತೀನಿ" ಅಂತ ನನ್ನ ಭುಜದ ಮೇಲಿಂದ ಕೈ ಹಾಕಿ ವಾಲ್ವ್ ತಿರುಗಿಸಿದ. ತಿರುಗಿಸಿದ, ತಿರುಗಿಸಿದ, ನಿಂತಿತು. ಕಾಲು ಸುತ್ತು ಹಿಂದಕ್ಕೆ ಬಿಟ್ಟ.

"ನೋಡ್ದಾ, ಮುಚ್ಚೇ ಇತ್ತು! ನೀನೂ ನಿಮ್ಮಕ್ಕನ ಹಾಗೇ." ಕಣ್ಣಲ್ಲಿ ನೀರು. ನನಗೆ ಅನುಮಾನ ಬರಲಿಲ್ಲ. ಬಂದದ್ದು ನಾಚಿಕೆ, ಮರೆತೆನಲ್ಲ ಅಂತ. ಗೇಜ್ ನೋಡಿಕೊಂಡೆ, ಫುಲ್. ಎರಡು ಉಸಿರು ಎಳೆದೆ, ಬಂತು. ಹಾರಿದೆ.

ಐದು ಮೀಟರ್ ತನಕ ಏನೂ ಇಲ್ಲ. ಹತ್ತರ ಹತ್ತಿರ ಉಸಿರು ಬಿಗಿಯಾಯಿತು. ಸ್ಟ್ರಾ ಕಿವುಚಿ ಹಿಡಿದು ಜ್ಯೂಸ್ ಎಳೆದ ಹಾಗೆ. ಗೇಜ್ ನೋಡಿದೆ, ಫುಲ್. ನನ್ನದೇ ಹೆದರಿಕೆ ಅಂದುಕೊಂಡೆ. ಇನ್ನೂ ಜೋರಾಗಿ ಎಳೆದೆ. ಬರುತ್ತದೆ, ಆದರೆ ಸಾಲುವುದಿಲ್ಲ. ಎದೆಯೊಳಗೆ ಯಾರೋ ಕೂತ ಹಾಗಾಯಿತು. ಕತ್ತಿಗೆ ಅಡ್ಡ ಕೈ ಎಳೆದೆ.

ಮೇಷ್ಟ್ರು ಗೇಜ್ ನೋಡಲಿಲ್ಲ. ಹಳದಿಯನ್ನು ಬಾಯಿಗಿಟ್ಟರು. ಗಾಳಿ ಬಂತು. ತಣ್ಣಗೆ, ಧಾರಾಳವಾಗಿ. ಅತ್ತುಬಿಟ್ಟೆ. ಮಾಸ್ಕಿನೊಳಗೆ ಅಳಬಹುದು ಅಂತ ಇವತ್ತು ತಿಳಿಯಿತು. ಆಮೇಲೆ ಅವರು ನನ್ನ ಬಾಯಿತುಂಡನ್ನು ತಾವು ಕಚ್ಚಿ ಉಸಿರೆಳೆದು, ನನ್ನ ಗೇಜನ್ನು ಇಬ್ಬರ ಮಧ್ಯೆ ಹಿಡಿದರು. ಎಳೆದಾಗ ಮುಳ್ಳು ಧೊಪ್ಪನೆ ಕೆಳಗೆ. ಬಿಟ್ಟಾಗ ಮತ್ತೆ ಮೇಲೆ, ಫುಲ್. ಬೆನ್ನ ಹಿಂದೆ ಕೈ ಹಾಕಿ ವಾಲ್ವ್ ತಿರುಗಿಸಿದರು. ಸರಿಹೋಯಿತು.

ಬೋಟಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. "ಯಾರು ಮುಟ್ಟಿದ್ದು? ಪೂರ್ತಿ ಮುಚ್ಚಿ ಕಾಲು ಸುತ್ತು ತೆಗೆದ ಹಾಗಿತ್ತು. ಹಿಂದೆಲ್ಲ ಪೂರ್ತಿ ತೆಗೆದು ಕಾಲು ಸುತ್ತು ಹಿಂದಕ್ಕೆ ಬಿಡಿ ಅಂತ ಕಲಿಸ್ತಿದ್ರು. ಸಿಲಿಂಡರ್ ಹಿಂದೆ ನಿಂತು ಮಾಡೋರು ಎದುರಿಗೆ ನಿಂತು ಅದನ್ನೇ ಮಾಡಿದ್ರೆ ಕೈ ಉಲ್ಟಾ ಹೋಗತ್ತೆ. ತೆಗೀತಿದೀನಿ ಅಂದ್ಕೊಂಡೇ ಮುಚ್ತಾರೆ, ಅಷ್ಟು ಸುತ್ತು ತಿರುಗಿದ್ದಕ್ಕೆ ಮೊದ್ಲು ಮುಚ್ಚಿತ್ತು ಅಂದ್ಕೋತಾರೆ."

ಭಾವ ಬೋಟಿನ ಆ ತುದಿಯಲ್ಲಿ ನನಗೋಸ್ಕರ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದ.

"ನಾನೇ ಇರ್ಬೇಕು" ಅಂದೆ.

ಅದೇ ದಿನ, ಊಟವಾದ ಮೇಲೆ

ಅಕ್ಕ ಗಾಬರಿಯಾಗಲಿಲ್ಲ. ಇದ್ದ ವಿಷಯ ಇದ್ದ ಹಾಗೆ ಹೇಳಿದಳು, ಗಾಳಿ ಬರುತ್ತಿಲ್ಲ ಅಂತ. ಅವನು ಗೇಜ್ ನೋಡಿದ. ಎರಡು ಉಸಿರಿನ ನಡುವೆ ನೋಡಿರಬೇಕು. ಫುಲ್. ಹೆಣ ಮೇಲೆ ತಂದ ಮೇಲೆ ಬೋಟಿನವರು ಎಂದಿನಂತೆ ಎಲ್ಲ ಸಿಲಿಂಡರ್ ಮುಚ್ಚಿ ಕ್ರೇಟಿಗಿಟ್ಟರಂತೆ. ವಾಲ್ವ್ ಹೇಗಿತ್ತು ಅಂತ ಕೇಳಲು ಯಾರಿಗೂ ಹೊಳೆಯಲಿಲ್ಲ.

ಬಿಟ್ಟು ಓಡಿಬಂದಿದ್ದಾನೆ ಅಂದುಕೊಂಡಿದ್ದೆ. ಹಾಗಾಗಿದ್ದರೆ ಎಷ್ಟು ಸುಲಭವಿತ್ತು. ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಜೋಪಾನ ಮಾಡಲು ಹೋಗಿ ಕೊಂದವನನ್ನು ಏನಂತ ಕೇಳುವುದು?

ಮಾರ್ಚ್ 2

ಪಾಸ್. ಮೇಷ್ಟ್ರು ಕೈ ಕುಲುಕಿದರು. ಹೊಸ ಜೋಡಿ ಫೋಟೋಕ್ಕೆ ನನ್ನನ್ನೂ ಎಳೆದುಕೊಂಡರು. ಹಲ್ಲು ಕಿರಿದೆ.

ಬೆಳಿಗ್ಗೆ ಭಾವ ಮತ್ತೆ ಕೈ ಚಾಚಿದ, "ಇರು, ಒಂದ್ಸಲ..." ತಟ್ಟನೆ ಹಿಂದಕ್ಕೆ ಸರಿದೆ. ಕೈ ಗಾಳಿಯಲ್ಲೇ ನಿಂತಿತು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದ. ಇದೆ ಭಾವ, ನಾನೇ ನೋಡಿಕೊಳ್ಳುವುದನ್ನು ಕಲಿಯಬೇಕಲ್ಲ ಅಂದೆ. ವಾಪಸು ಬರುವಾಗ ಕಾರಿನಲ್ಲಿ ಅವನೇ ಮಾತಾಡಿದ. ಮುಂದಿನ ಶನಿವಾರ ಗುಬ್ಬಿಯ ಮೊದಲ ಕ್ಲಾಸು. ಹೆಸರು ಕೊಟ್ಟಾಗಿದೆ. "ನಿನ್ನನ್ನ ನೋಡಿ ನಂಗೂ ಧೈರ್ಯ ಬಂತು. ಅವಳ ಜೊತೆ ನಾನೂ ಮತ್ತೆ ಇಳೀತೀನಿ."

ಮಾರ್ಚ್ 6

ನಾಲ್ಕು ದಿನದಿಂದ ಇದೊಂದೇ. ಇವತ್ತು ಡಾಕ್ಟರಿಗೆ ತಪ್ಪು ಸೂಜಿ ಕೊಟ್ಟು ಬೈಸಿಕೊಂಡೆ.

ಹೇಳಿದರೆ ಅವನು ಉಳಿಯುವುದಿಲ್ಲ. ಗುಬ್ಬಿಗೆ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ ಅಂತಾಗುತ್ತದೆ. ಹೇಳದಿದ್ದರೆ ಅದೇ ಕೈ ಗುಬ್ಬಿಯ ಭುಜದ ಮೇಲಿಂದ ಹೋಗುತ್ತದೆ. ಪ್ರೀತಿಯಿಂದಲೇ.

ಒಂದು ಉಪಾಯ ಮಾಡಿದ್ದೇನೆ. ಮೇಷ್ಟ್ರಿಗೆ ಫೋನ್ ಮಾಡಿ, ಶನಿವಾರ ವಾಲ್ವ್ ವಿಷಯ ಚೆನ್ನಾಗಿ ಬಿಡಿಸಿ ಹೇಳಿ, ಜೊತೆಗೆ ಬಂದ ದೊಡ್ಡವರಿಗೂ ಹೇಳಿ ಅಂದೆ. ಯಾಕೆ ಅಂದರು. ಸುಮ್ಮನೆ ಅಂದೆ. "ಆಯ್ತು" ಅಂದರು.

ಇನ್ನೊಬ್ಬರ ವಾಲ್ವ್ ಮುಟ್ಟಬಾರದು ಅಂತ ಅವನಿಗೆ ತಲೆಗೆ ಹೋದರೆ ಸಾಕು. ಹಳೆಯದು ಹಳೆಯದಾಗೇ ಇರಲಿ. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿದರೆ ಸಾಕು.

ಮಾರ್ಚ್ 8, ಶನಿವಾರ

ನಾನೇ ಮಾಡಿದ್ದು. ನಾನೇ.

ಈಜುಕೊಳದ ಪಕ್ಕದ ಕೋಣೆ. ಮೇಜಿನ ಮೇಲೆ ಸಿಲಿಂಡರ್. ಗುಬ್ಬಿ ಮುಂದಿನ ಕುರ್ಚಿಯಲ್ಲಿ, ಕಾಲು ಅಲ್ಲಾಡಿಸುತ್ತ. ಭಾವ ಅವಳ ಹಿಂದೆ. ಮೇಷ್ಟ್ರು ಸಿಲಿಂಡರನ್ನು ನನ್ನ ಬೆನ್ನಿಗೆ ಏರಿಸಿ ಭಾವನನ್ನೇ ಕರೆದರು. ಅವರಿಗೆ ಅಕ್ಕನ ವಿಷಯ ಏನೂ ಗೊತ್ತಿಲ್ಲ. "ನೀವು ಇದರಲ್ಲಿ ಹಳಬರಂತಲ್ವಾ ಸಾರ್. ಹಾರೋ ಮುಂಚೆ ಇವರದನ್ನ ಹೇಗೆ ಚೆಕ್ ಮಾಡ್ತೀರಿ, ತೋರ್ಸಿ."

ಭಾವ ಖುಷಿಯಾಗಿಯೇ ಎದ್ದು ಬಂದ. ಎದುರಿಗೆ ನಿಂತ. ತಿರುಗಿಸಿದ, ನಿಂತಿತು, ಕಾಲು ಸುತ್ತು ಹಿಂದಕ್ಕೆ. "ಮುಚ್ಚಿತ್ತು" ಅಂದ ಗುಬ್ಬಿ ಕಡೆ ತಿರುಗಿ. "ನೋಡು, ಇದಕ್ಕೇ ಕೊನೇಲಿ ನೋಡ್ಬೇಕು ಅನ್ನೋದು."

"ತೆಗೆದೇ ಇತ್ತು ಸಾರ್. ಈಗ ಮುಚ್ಚಿದ್ರಿ. ಮೇಡಂ, ಜೋರಾಗಿ ಉಸಿರು ಎಳೀರಿ. ಎಲ್ರೂ ಗೇಜಿನ ಮುಳ್ಳು ನೋಡಿ."

ಎಳೆದೆ. ಬೇಕೆಂದೇ ಮೆಲ್ಲಗೆ ಎಳೆಯಬಹುದಿತ್ತು. ಹೊಳೆಯಲಿಲ್ಲ. ಮುಳ್ಳು ಬಿತ್ತು, ಎದ್ದಿತು. ಬಿತ್ತು, ಎದ್ದಿತು. ಮೇಷ್ಟ್ರು ಮಕ್ಕಳಿಗೆ ಹೇಳುವ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಮೇಲಿದ್ದಾಗ ಸಾಕಾಗುತ್ತದೆ, ಕೆಳಗೆ ಹೋದಷ್ಟೂ ಸಾಲುವುದಿಲ್ಲ, ಎಷ್ಟೋ ಜನ ಇದನ್ನು ಹೆದರಿಕೆ ಅಂದುಕೊಳ್ಳುತ್ತಾರೆ.

ಭಾವ ಒಂದೇ ಒಂದು ಪ್ರಶ್ನೆ ಕೇಳಿದ. "ಎಳೀದೇ ಇದ್ದಾಗ ಗೇಜ್ ಎಷ್ಟು ತೋರ್ಸತ್ತೆ?"

"ಫುಲ್ ತೋರ್ಸತ್ತೆ ಸಾರ್. ಅದೇ ಇದರ ಮೋಸ."

ಹೂಂ ಅಂದ. ಹೋಗಿ ಕೂತ. ಕ್ಲಾಸ್ ಮುಗಿಯುವ ತನಕ ತನ್ನ ಅಂಗೈಯನ್ನೇ ನೋಡುತ್ತಿದ್ದ. ಗುಬ್ಬಿ ಕಾಲು ಅಲ್ಲಾಡಿಸುವುದು ಬಿಟ್ಟು, ತಿರುಗಿ ಅಪ್ಪನನ್ನೇ ನೋಡುತ್ತಿದ್ದಳು.

ಮಾರ್ಚ್ 9, ಭಾನುವಾರ

ಹತ್ತು ಗಂಟೆಗೆ ಗುಬ್ಬಿಯ ಫೋನ್. "ಅಪ್ಪ ಎದ್ದಾಗಿಂದ ಕಾರಲ್ಲೇ ಕೂತಿದಾನೆ. ಎಲ್ಲಿಗೂ ಹೋಗ್ತಿಲ್ಲ. ಬಾ."

ಹೋದೆ. ಮನೆ ಮುಂದೆ ಕಾರು, ಗಾಜು ಏರಿಸಿದೆ. ಪಕ್ಕದ ಸೀಟಿನಲ್ಲಿ ಕೂತೆ. ನನ್ನ ಕಡೆ ತಿರುಗದೆಯೇ ಕೇಳಿದ.

"ನಿನಗೆ ಯಾವಾಗ ಗೊತ್ತಾಯ್ತು?"

"ಸಮುದ್ರದಲ್ಲಿ. ಮೊದಲ್ನೇ ದಿನ."

"ನಿಂದೂ ನಾನೇ..."

"ಹೂಂ."

ಸ್ಟೇರಿಂಗ್ ಮೇಲೆ ಹಣೆ ಇಟ್ಟ. "ಒಂದು ವರ್ಷ ಅವಳ ಮೇಲೆ ಸಿಟ್ಟಿತ್ತು ಕಣೇ. ಗಾಳಿ ಇಟ್ಕೊಂಡು ಸತ್ಲಲ್ಲ, ನಮ್ಮನ್ನ ಬಿಟ್ಟು ಹೋದ್ಲಲ್ಲ ಅಂತ. ಫೋಟೋ ಮುಂದೆ ನಿಂತು ಬಯ್ದಿದೀನಿ."

ನನಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಇದನ್ನು ಬರೆಯುತ್ತೇನೆ ಅಂತ ತಿಂಗಳ ಹಿಂದೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಬೆನ್ನ ಮೇಲೆ ಕೈ ಇಡಲು ಹೋದೆ. ಸರಿದುಕೊಂಡ.

"ನೀನೇ ಬಂದು ಹೇಳ್ಬಹುದಿತ್ತು. ಇದೇ ಕಾರಲ್ಲಿ, ಹೀಗೇ ಕೂತು. ಮಗು ಮುಂದೆ ನನ್ನ ಕೈಲೇ ಮಾಡ್ಸಿ ತೋರಿಸ್ದೆ."

ಮಾಡಿಸಿ ತೋರಿಸಬೇಕು ಅಂತ ನಾನು ಹೇಳಿರಲಿಲ್ಲ. ಆದರೆ ಅವನಿಗೆ ನೇರ ಹೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ ನಿಜ.

ಇವತ್ತೊಂದು ದಿನ ಗುಬ್ಬಿಯನ್ನು ಕರೆದುಕೊಂಡು ಹೋಗು ಅಂದ. ನೀವು? ಅಂದೆ. ನಾನು ಎಲ್ಲಿಗೂ ಹೋಗಲ್ಲ, ಹೆದರಬೇಡ ಅಂದ. ಮೇಲಿನ ಮನೆಯವರಿಗೆ ಅವನ ಮೇಲೆ ಒಂದು ಕಣ್ಣಿಡಿ ಅಂತ ಹೇಳಿಯೇ ಹೊರಟೆ. ದಾರಿಯಲ್ಲಿ ಒಮ್ಮೆ ಮಾಡಿದೆ, ಮನೆಗೆ ಬಂದ ಮೇಲೆ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದೇನೆ. ಎತ್ತುತ್ತಾನೆ. "ಇದೀನಿ" ಅನ್ನುತ್ತಾನೆ, ಇಡುತ್ತಾನೆ.

ಮಾರ್ಚ್ 10, ಬೆಳಿಗ್ಗೆ

ಎಂಟು ಗಂಟೆಗೆ ಮಾಡಿದೆ. ಇದೀನಿ ಅಂದ. ದನಿ ಒಡೆದಿದೆ. ಕ್ಲಿನಿಕ್ಕಿಗೆ ರಜೆ ಹೇಳಿದೆ.

ಗುಬ್ಬಿ ಎದುರಿಗೇ ಕೂತಿದ್ದಾಳೆ. ಹಾಲು ಆರಿ ಕೆನೆಗಟ್ಟಿದೆ, ಮುಟ್ಟಿಲ್ಲ. ಸ್ಕೂಲಿಗೆ ಹೋಗಲ್ಲ ಅಂದಳು, ಬಲವಂತ ಮಾಡಲಿಲ್ಲ. ಅಮ್ಮ ಒಳಗೆ ಮಲಗಿದ್ದಾಳೆ, ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ಅವಳ ಸರದಿಯೂ ಬರುತ್ತದೆ. ಏನಾದರೂ ಮಾಡುತ್ತಿರಬೇಕಲ್ಲ ಅಂತ ಇದನ್ನು ಬರೆಯುತ್ತಿದ್ದೇನೆ. ತಲೆ ಎತ್ತಲು ಹೆದರಿಕೆ.

ಈಗ ಕೇಳಿದಳು. ಮೆಲ್ಲಗೆ, ಒಳಗೆ ಅಜ್ಜಿಗೆ ಕೇಳಿಸದ ಹಾಗೆ.

"ಚಿಕ್ಕಮ್ಮ, ಅಮ್ಮಂದೂ ಅಪ್ಪನೇ ತಿರುಗಿಸಿದ್ದಾ?"

ನನ್ನ ಬಾಯನ್ನೇ ನೋಡುತ್ತಿದ್ದಾಳೆ. ಈ ಸಲ ಇನ್ನೊಬ್ಬರ ಬಾಯಿಂದ ಹೇಳಿಸುವ ಹಾಗಿಲ್ಲ. ಪೆನ್ನು ಕೆಳಗಿಟ್ಟು, ಅವಳ ಕೈ ಹಿಡಿದು ನಾನೇ ಹೇಳುತ್ತೇನೆ.